ನೋಂಬು ಹಿಡಿದ ಹರಳು

ಮೊನ್ನೆ ಮಗ ಹೊಸ ಬೂಟು ತಂದ. ಪೆಟ್ಟಿಗೆ ಬಿಚ್ಚಿ, ಬೂಟಿನೊಳಗೆ ತುರುಕಿದ್ದ ಕಾಗದವನ್ನು ಎಳೆದು ಹಾಕುವಾಗ ಒಂದು ಪುಟ್ಟ ಪೊಟ್ಟಣ ಜಾರಿ ನನ್ನ ಮಡಿಲಿಗೆ ಬಿತ್ತು. ಎಲ್ಲರ ಮನೆಗೂ ಬರುವಂಥದೇ ಅದು. ಬೂಟಿನ ಜೊತೆ, ಬ್ಯಾಗಿನ ಜೊತೆ, ಮಾತ್ರೆ ಬಾಟಲಿಯ ಒಳಗೆ. ತಿನ್ನಬೇಡಿ ಎಂದು ಬರೆದಿರುತ್ತದೆ. ಯಾರೂ ಓದದೆ ಬಿಸಾಡುತ್ತೇವೆ. ನಾನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗಿನ ಹರಳು ಸರ್ರನೆ ಸದ್ದು ಮಾಡಿತು...

ಆ ಸದ್ದು ನನಗೆ ಗೊತ್ತು. ಒಂದು ಕಾಲದಲ್ಲಿ ನಮ್ಮ ಬಚ್ಚಲಿನಲ್ಲಿ ಅಂಥದೇ ಹರಳು ತುಂಬಿದ ದೊಡ್ಡ ಕಬ್ಬಿಣದ ಡಬ್ಬವೊಂದಿತ್ತು. ಅದನ್ನು ಮಾಡಿದವರು ನಮ್ಮ ನೆರೆಮನೆಯ ಕಾಕ.

ಆಗ ನಾವು ಕಡಬದಿಂದ ಆಲಂಕಾರಿಗೆ ಹೋಗುವ ದಾರಿಯಲ್ಲಿ, ರಸ್ತೆಗಿಂತ ಸ್ವಲ್ಪ ಒಳಗೆ ಇದ್ದೆವು. ನನ್ನ ಗಂಡ ಜೀಪು ಓಡಿಸುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ, ಮತ್ತೆ ಮಗ. ನಮ್ಮ ಬಚ್ಚಲಿನ ಗೋಡೆಯಿಂದ ನಾಲ್ಕು ಹೆಜ್ಜೆ ಆಚೆ ಕಾಕನ ಮನೆ. ಅವರು ದುಬೈ ಕಡೆ ಎ.ಸಿ., ಫ್ರಿಜ್ಜು ರಿಪೇರಿ ಮಾಡಿಕೊಂಡು ಪ್ರಾಯವೆಲ್ಲ ಅಲ್ಲೇ ಕಳೆದು, ಸಕ್ಕರೆ ಕಾಯಿಲೆ ಹಚ್ಚಿಕೊಂಡು ವಾಪಸು ಬಂದವರು. ಉಳಿದವರು ಬರುವಾಗ ಅತ್ತರು, ಕಂಬಳಿ, ಚಾಕಲೇಟು ತರುತ್ತಾರೆ. ಕಾಕ ತಂದದ್ದು ಗಾಳಿ ಎಳೆಯುವ ಒಂದು ಪಂಪು, ಪೈಪು ಬೆಸೆಯುವ ಸಾಮಾನು, ಮತ್ತೆ ಗೋಣಿಚೀಲದಲ್ಲಿ ಸಾಬಕ್ಕಿಯಂಥ ಬಿಳಿ ಹರಳು. ಅವರ ಹೆಂಡತಿ ಗೋಣಿಗೆ ಕೈ ಹಾಕಿ ನೋಡಿ, ಬಾಗಿಲಲ್ಲೇ ನಿಂತು ಇಡೀ ಓಣಿಗೆ ಕೇಳುವ ಹಾಗೆ ಹೇಳಿದ್ದು ನನಗೆ ಈಗಲೂ ನೆನಪುಂಟು: "ನೋಡಿ ಮಾರಾಯ್ರೆ, ಬೇರೆಯವರ ಗಂಡ ಚಿನ್ನ ತರ್ತಾರೆ, ನನ್ನ ಗಂಡ ಪಾಯಸಕ್ಕೂ ಆಗದ ಸಾಬಕ್ಕಿ ತಂದದ್ದು!"

ಕಾಕ ನಕ್ಕು ಗೋಣಿಯ ಬಾಯಿ ಕಟ್ಟಿದ್ದರು. ಆದರೆ ಅವರ ತಲೆಯಲ್ಲಿ ಒಂದು ಯೋಚನೆ ಕುಳಿತುಬಿಟ್ಟಿತ್ತು. ನಮ್ಮ ಕಡೆ ಯಾರ ಮನೆಯಲ್ಲಿ ನೋಡಿದರೂ ಸಂಜೆಗೆ ಬಚ್ಚಲೊಲೆ ಉರಿಯುತ್ತದೆ. ತೆಂಗಿನ ಸಿಪ್ಪೆ, ಮಡಲು, ಸೋಗೆ, ಏನು ಸಿಕ್ಕಿದರೂ ಒಲೆಗೆ. ಹಂಡೆಯ ನೀರು ಕಾದ ಮೇಲೂ ಕೆಂಡ ಹಾಗೇ ಇರುತ್ತದೆ, ಯಾರಿಗೂ ಬೇಡದೆ ಆರಿಹೋಗುತ್ತದೆ. ಅಷ್ಟು ಬಿಸಿಯನ್ನು ಹಿಡಿದಿಟ್ಟುಕೊಂಡರೆ ಕರೆಂಟಿಲ್ಲದೆ ಬೇಸಗೆಯಲ್ಲಿ ತಂಪು ಮಾಡಬಹುದು ಎನ್ನುವುದು ಅವರ ಹಟ. ಒಲೆಯ ಬಿಸಿಯಿಂದ ತಂಪು! ಕೇಳಿದವರೆಲ್ಲ ನಕ್ಕರು. ಅವರ ಹೆಂಡತಿ ಆ ಗುಜರಿಯನ್ನು ತನ್ನ ಬಚ್ಚಲಿಗೆ ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ಅದು ನಮ್ಮ ಬಚ್ಚಲಿಗೆ ಬಂತು. ನನ್ನ ಅತ್ತೆ ಯಾರಿಗೂ ಇಲ್ಲ ಎಂದವರಲ್ಲ.

ನೋಡಲಿಕ್ಕೆ ಏನೂ ಇರಲಿಲ್ಲ. ಎರಡು ಗಟ್ಟಿ ಕಬ್ಬಿಣದ ಡಬ್ಬ, ನಡುವೆ ಒಂದು ದಪ್ಪ ಪೈಪು, ಪೈಪಿಗೆ ಒಂದು ನಳ್ಳಿ. ಒಂದರಲ್ಲಿ ಹರಳು, ಇನ್ನೊಂದರಲ್ಲಿ ಸ್ವಲ್ಪ ನೀರು. ಒಳಗಿದ್ದ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆದಿದ್ದರು. ಹರಳಿನ ಡಬ್ಬವನ್ನು ಒಲೆಯ ಬಾಯಿಗೆ ಇಟ್ಟರೆ ಹರಳು ಕಾದು, ತಾನು ಕುಡಿದ ನೀರನ್ನೆಲ್ಲ ಆವಿ ಮಾಡಿ ಆಚೆ ಡಬ್ಬಕ್ಕೆ ಕಳಿಸುತ್ತಿತ್ತು. ಆಗ ನಳ್ಳಿ ಮುಚ್ಚುವುದು. ಆಮೇಲೆ ಡಬ್ಬ ತಣ್ಣಗಾದರೂ ಹರಳಿನ ಬಾಯಾರಿಕೆ ಹಾಗೇ ಇರುತ್ತದೆ. ಯಾವತ್ತು ನಳ್ಳಿ ಬಿಡುತ್ತೇವೋ ಆವತ್ತು ಆಚೆ ಡಬ್ಬದ ನೀರನ್ನು ಹರಳು ದಾಹದಿಂದ ಎಳೆದುಕೊಳ್ಳುತ್ತದೆ. ನೀರಿನ ಡಬ್ಬ ತಣ್ಣಗೆ ಕೊರೆಯುತ್ತದೆ, ಹರಳಿನ ಡಬ್ಬ ಬಿಸಿಯಾಗುತ್ತದೆ. ಒಂದು ಕಡೆ ತಂಪು, ಇನ್ನೊಂದು ಕಡೆ ಬಿಸಿ.

ನನಗೆ ತಲೆಗೆ ಹೋಗದೆ ಬಾಯಿ ಬಿಟ್ಟು ನಿಂತದ್ದನ್ನು ನೋಡಿ ಕಾಕ ಹೇಳಿದ್ದರು: "ಇದು ನಮ್ಮ ಹಾಗೆ ನೋಂಬು ಹಿಡಿಯುದು ಮಗಳೇ. ನಳ್ಳಿ ಮುಚ್ಚಿದ್ರೆ ಉಪವಾಸ. ಬಿಟ್ರೆ ಇಫ್ತಾರ್."

ಅದು ನನಗೆ ಅರ್ಥವಾಯಿತು. ಉಪವಾಸ ಹಿಡಿದವರ ದಾಹ ಎಷ್ಟು ಹೊತ್ತಾದರೂ ಎಲ್ಲಿಗೂ ಹೋಗುವುದಿಲ್ಲ, ಸಂಜೆ ಮಸೀದಿಯಲ್ಲಿ ಬಾಂಗ್ ಕೊಡುವವರೆಗೆ ಕಾಯುತ್ತದೆ.

ಕಾಕನಿಗೆ ಇಷ್ಟು ಹಟ ಯಾಕೆ ಎಂದು ಆಗ ಯಾರೂ ಕೇಳಲಿಲ್ಲ. ನನಗೆ ಮಾತ್ರ ಗೊತ್ತಿತ್ತು. ನನ್ನ ಮಗ ಬೆವರುವುದಿಲ್ಲ.

ಹುಟ್ಟಿದ್ದೇ ಹಾಗೆ. ತಲೆಯಲ್ಲಿ ಕೂದಲು ನವಿರಾಗಿ ಅಲ್ಲೊಂದು ಇಲ್ಲೊಂದು, ಹಲ್ಲು ಬರುವ ಪ್ರಾಯಕ್ಕೆ ಬಂದದ್ದು ಚೂಪಾದ ಎರಡೇ. ಮೊದಲ ಬೇಸಗೆಯಲ್ಲಿ ಮತ್ತೆ ಮತ್ತೆ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದ. ಪುತ್ತೂರಿನ ಡಾಕ್ಟರರು ಅವನ ಬೆನ್ನಿನ ಮೇಲೆ ಕೈಯಾಡಿಸಿ, ಚರ್ಮ ನೋಡಿ, ಇವನ ಮೈಯಲ್ಲಿ ಬೆವರುವ ಏರ್ಪಾಡೇ ಇಲ್ಲಮ್ಮ ಎಂದರು. ಇದು ಜ್ವರವಲ್ಲ, ಹೊರಗಿನ ಸೆಕೆ ಒಳಗೆ ಸೇರಿ ಹೊರಗೆ ಹೋಗಲಾರದೆ ನಿಲ್ಲುವುದು. ಮದ್ದಿಲ್ಲ. ತಂಪಾಗಿಟ್ಟುಕೊಳ್ಳಿ, ಇನ್ನೊಮ್ಮೆ ಫಿಟ್ಸ್ ಬರಲು ಬಿಡಬೇಡಿ, ಅಷ್ಟೇ ಎಂದರು. ನಾನು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಅತ್ತುಬಿಟ್ಟೆ. ನನ್ನ ಹಣೆಯಿಂದ ಬೆವರು ಇಳಿದು ಅವನ ಕೆನ್ನೆಗೆ ಬೀಳುತ್ತಿತ್ತು. ಬೆವರುವುದೂ ಅಲ್ಲಾಹನು ಕೊಟ್ಟ ಒಂದು ವರ ಎಂದು ಆವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಫ್ಯಾನಿನ ಕೆಳಗೆ ಒದ್ದೆ ಬನಿಯನು ಹಾಕಿ ಅವನನ್ನು ಇಟ್ಟುಕೊಂಡಿರುತ್ತಿದ್ದೆ. ಕರೆಂಟು ಹೋದರೆ ಬೀಸಣಿಗೆ. ಕಾಕ ಅಂಗಳದಿಂದ ಇದನ್ನೆಲ್ಲ ನೋಡುತ್ತಿದ್ದರು. ಮರುದಿನ ಆ ಡಬ್ಬಕ್ಕೆ ಇನ್ನೊಂದು ಬೆಸುಗೆ ಬಿದ್ದಿರುತ್ತಿತ್ತು.

ಅವನಿಗೆ ಎರಡು ತುಂಬುವ ಹೊತ್ತಿನ ಬೇಸಗೆ ಅದು. ಒಂದು ಗುರುವಾರ ಸಂಜೆ ಮಳೆ ಬರುವ ಹಾಗೆ ಕಪ್ಪಾಗಿ, ಬರೀ ಗಾಳಿ ಬಂತು. ಅಂಥ ಗಾಳಿಯನ್ನು ನಾನು ಮತ್ತೆ ನೋಡಲಿಲ್ಲ. ರಬ್ಬರ್ ಮರಗಳು ಕಡ್ಡಿಯ ಹಾಗೆ ಮುರಿದವು. ಲೈಟುಕಂಬಗಳು ಸಾಲಾಗಿ ಮಲಗಿದವು. ರಸ್ತೆಗೆ ದೊಡ್ಡ ಧೂಪದ ಮರ ಅಡ್ಡ ಬಿದ್ದು, ಬಾಡಿಗೆಗೆ ಹೋದ ನನ್ನ ಗಂಡ ಜೀಪಿನೊಂದಿಗೆ ಆಚೆ ಕಡೆಯೇ ಉಳಿದರು. ಫೋನು ಸತ್ತಿತ್ತು. ಮಳೆ ಮಾತ್ರ ನಾಲ್ಕು ಹನಿ ಬಿದ್ದು ನಿಂತಿತು.

ಶುಕ್ರವಾರ ಬೆಳಿಗ್ಗೆ ಏಳುವಾಗಲೇ ಗಾಳಿ ಅಲ್ಲಾಡುತ್ತಿರಲಿಲ್ಲ. ಹಬೆಯ ಪಾತ್ರೆಯೊಳಗೆ ಕುಳಿತ ಹಾಗೆ. ಬಾವಿ ಆಗಲೇ ಬತ್ತಿತ್ತು, ಕೊಳವೆಬಾವಿಗೆ ಕರೆಂಟು ಬೇಕು. ಟೆರೇಸಿನ ಟ್ಯಾಂಕಿಯ ತಳದಲ್ಲಿ ಉಳಿದದ್ದು ಎರಡು ಕೊಡ ನೀರು, ಅದೂ ಬಿಸಿಲಿಗೆ ಕಾದು ಚಾ ಮಾಡುವಷ್ಟು. ಆ ನೀರಿನಲ್ಲೇ ಬಟ್ಟೆ ಅದ್ದಿ ಮಗುವಿನ ಮೈಗೆ ಹಾಕಿದೆ. ಆದರೆ ಆ ದಿನದ ಗಾಳಿಯಲ್ಲಿ ಬಟ್ಟೆ ಒಣಗಲೇ ಇಲ್ಲ. ಒಣಗಿದರೆ ತಾನೇ ತಂಪು? ಒದ್ದೆ ಬಟ್ಟೆ ಅವನ ಮೈಯ ಬಿಸಿ ಹೀರಿ ಹಾಗೇ ಬೆಚ್ಚಗೆ ಅಂಟಿಕೊಂಡು ಕುಳಿತಿತು. ಬೀಸಿ ಬೀಸಿ ನನ್ನ ಕೈ ಸೋತು ಅತ್ತೆ ಬೀಸಿದರು, ಅತ್ತೆ ಸೋತು ನಾನು ಬೀಸಿದೆ.

ಮಧ್ಯಾಹ್ನದ ಹೊತ್ತಿಗೆ ಮಗ ಅಳುವುದನ್ನು ನಿಲ್ಲಿಸಿದ. ಅಳುವಾಗ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ಮೈ ಕಾದ ಕಾವಲಿಯ ಹಾಗೆ, ತುಟಿ ಒಣಗಿ ಬಿಳಿ, ಕಣ್ಣು ಅರ್ಧ ಮುಚ್ಚಿ ಎಲ್ಲೋ ನೋಡುತ್ತಾ... ಕೈಯ ಬೆರಳು ಒಮ್ಮೆ ಅದುರಿತು. ಮೊದಲ ಬೇಸಗೆಯಲ್ಲಿ ಫಿಟ್ಸ್ ಬರುವ ಮುಂಚೆ ಹೀಗೇ ಅದುರಿತ್ತು.

ನಾನು ಬಾಗಿಲಿಗೆ ಓಡಿದೆ. ಕಾಕ ಬಿಳಿ ಮುಂಡು, ಬಿಳಿ ಅಂಗಿ, ತಲೆಗೆ ಟೊಪ್ಪಿ ಹಾಕಿ ಜುಮಾ ನಮಾಜಿಗೆ ಹೊರಟು ಗೇಟಿನ ಹತ್ತಿರ ಇದ್ದರು. ಓಣಿಯ ಉಳಿದ ಗಂಡಸರೆಲ್ಲ ಆಗಲೇ ಹೋಗಿಯಾಗಿತ್ತು.

"ಕಾಕಾ..." ಎಂದು ಕೂಗಿ ಒಳಗೆ ಕೈ ತೋರಿಸಿದೆ.

ಅವರು ಒಳಗೆ ಬಂದು ಮಗುವಿನ ಹಣೆ ಮುಟ್ಟಿದರು. ಮುಟ್ಟಿದ ಕೈಯಲ್ಲೇ ಟೊಪ್ಪಿ ತೆಗೆದು ಜೇಬಿಗೆ ಹಾಕಿಕೊಂಡು ನೇರ ಬಚ್ಚಲಿಗೆ ಹೋದರು. "ಬಾನಿ ತಾ. ಇದ್ದಷ್ಟು ನೀರು ಅದಕ್ಕೆ ಹಾಕು," ಎಂದರು.

ನೀರಿನ ಡಬ್ಬವನ್ನು ಎತ್ತಿ ಬಾನಿಯ ನಡುವೆ ಇಟ್ಟರು, ಸುತ್ತ ನಾನು ಟ್ಯಾಂಕಿಯ ಬಿಸಿನೀರು ಹೊಯ್ದೆ. ಹರಳಿನ ಡಬ್ಬ ಕಳೆದ ಶುಕ್ರವಾರ ಕಾಯಿಸಿ ಮುಚ್ಚಿಟ್ಟದ್ದು, ಆರಿದ ಒಲೆಯ ಹತ್ತಿರವೇ ಇತ್ತು. ಕಾಕ ಬಿಸ್ಮಿ ಹೇಳಿ ನಳ್ಳಿ ತಿರುಗಿಸಿದರು.

ಸುಯ್ಯ್... ಎಂದು ಒಂದು ಸದ್ದು. ನಾನು ಅದು ತಂಪು ಬರುವ ಸದ್ದೆಂದೇ ತಿಳಿದೆ. ಕಾಕನ ಮುಖ ನೋಡಿದಾಗ ಅಲ್ಲವೆಂದು ಗೊತ್ತಾಯಿತು. ಅವರು ತಟ್ಟನೆ ನಳ್ಳಿ ಮುಚ್ಚಿ ಕಿವಿ ಹತ್ತಿರ ಇಟ್ಟರು.

"ಗಾಳಿ ಎಳೀತಾ ಉಂಟು," ಎಂದರು. "ನಳ್ಳಿಯ ಕುತ್ತಿಗೆಯಲ್ಲಿ ರಬ್ಬರ್ ಸುಟ್ಟು ಹೋಗಿದೆ. ಶುಕ್ರವಾರದ ಬೆಂಕಿ... ನನ್ನದೇ ಬುದ್ಧಿಗೇಡು."

ಶುಕ್ರವಾರ ನಮ್ಮ ಮನೆಗಳಲ್ಲಿ ಜುಮಾಕ್ಕೆ ಮುಂಚೆ ಗಂಡಸರೆಲ್ಲ ಮೀಯುವ ದಿನ. ಬೇರೆ ದಿನಕ್ಕಿಂತ ಒಲೆಗೆ ಉರಿ ಜಾಸ್ತಿ. ಹೇಗೂ ಉರಿಯುವ ಬೆಂಕಿ, ಹರಳಿಗೂ ಸಿಗಲಿ ಎಂದು ಕಾಕ ಡಬ್ಬವನ್ನು ಒಲೆಯ ಒಳಕ್ಕೇ ನೂಕಿದ್ದರು. ಹರಳು ಚೆನ್ನಾಗಿ ಕಾಯಿತು, ಜೊತೆಗೆ ನಳ್ಳಿಯ ರಬ್ಬರೂ ಬೆಂದುಹೋಯಿತು. ಮುಚ್ಚಿದ್ದಾಗ ಗೊತ್ತಾಗಲಿಲ್ಲ, ತಿರುಗಿಸಿದ ಕೂಡಲೇ ಬಿರುಕು ಬಿಟ್ಟಿತು. ಹೊರಗಿನ ಗಾಳಿ ಒಳಗೆ ತುಂಬಿದರೆ ನೀರು ಆವಿಯಾಗುವುದಿಲ್ಲ, ಡಬ್ಬ ಬರೀ ಕಬ್ಬಿಣ. ಪುನಃ ಗಾಳಿ ತೆಗೆಯೋಣವೆಂದರೆ ಪಂಪಿಗೆ ಕರೆಂಟು ಬೇಕು.

ಒಳಕೋಣೆಯಿಂದ ಅತ್ತೆ ಕೂಗಿದರು: "ಮಗು ದವಡೆ ಕಚ್ತಾ ಉಂಟು, ಬೇಗ!"

ಕಾಕ ಗ್ರೀಸು ಹುಡುಕಲು ಮನೆಗೆ ಹೋಗಲೋ ಬೇಡವೋ ಎಂದು ಎದ್ದು ನಿಂತರು, ಕುಳಿತರು. ಆ ಒಂದು ಗಳಿಗೆ ನಾನು ನೆನೆದ ಅಲ್ಲಾಹನೇ ನನ್ನ ಕೈಗೆ ದಾರಿ ತೋರಿಸಿದ. ಬಿರಿಯಾನಿಗೆ ದಮ್ ಕಟ್ಟುವಾಗ ಪಾತ್ರೆಯ ಬಾಯಿಗೆ ನಾವು ಎಂತ ಹಚ್ಚುವುದು? ಅಡುಗೆಮನೆಗೆ ಓಡಿ ಮೈದಾ ಹಿಟ್ಟಿಗೆ ಬಾನಿಯ ನೀರನ್ನೇ ಚಿಮುಕಿಸಿ, ಎಣ್ಣೆ ಹಾಕಿ ಗಟ್ಟಿಯಾಗಿ ನಾದಿ ತಂದೆ. ಕಾಕ ಒಮ್ಮೆ ನನ್ನನ್ನು, ಒಮ್ಮೆ ಹಿಟ್ಟನ್ನು ನೋಡಿದರು. ಕಿತ್ತುಕೊಂಡು ನಳ್ಳಿಯ ಕುತ್ತಿಗೆಗೆ ಸುತ್ತಿದರು. ಮೇಲಿನಿಂದ ಅಂಗೈ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ನಳ್ಳಿ ತಿರುಗಿಸಿದರು.

ಹಿಟ್ಟು ಒಳಕ್ಕೆ ಸೆಳೆದು ಗುಳಿ ಬಿತ್ತು. ಸುಯ್ಯ್ ಸದ್ದು ಸಣ್ಣಗಾಯಿತು. ನಿಂತಿತು.

ಆದರೆ ಬಾನಿಯ ನೀರು ಹಾಗೇ ಇತ್ತು. ನಾನು ಕೈ ಮುಳುಗಿಸಿಕೊಂಡೇ ಕುಳಿತಿದ್ದೆ. ಸ್ವಲ್ಪ ಗಾಳಿ ಆಗಲೇ ಒಳಗೆ ಹೋಗಿದೆ, ಹಾಗಾಗಿ ನಿಧಾನ ಎಂದರು ಕಾಕ. ನಿಧಾನವೋ, ಬರುವುದೇ ಇಲ್ಲವೋ, ಅವರಿಗೂ ಗೊತ್ತಿರಲಿಲ್ಲ; ಅವರ ದನಿಯಲ್ಲೇ ಅದು ಕೇಳುತ್ತಿತ್ತು. ಆಗ ದೂರದ ಮಸೀದಿಯಿಂದ ಬಾಂಗ್ ಕೇಳಿತು. ಮೈಕಿಲ್ಲದ ಬಾಂಗ್. ಉಸ್ತಾದರು ಮೆಟ್ಟಿಲ ಮೇಲೆ ನಿಂತು ಬರಿಯ ಗಂಟಲಿನಲ್ಲಿ ಕೊಟ್ಟದ್ದು, ಗಾಳಿಯೇ ಇಲ್ಲದ ಆ ಮಧ್ಯಾಹ್ನ ನಮ್ಮ ಬಚ್ಚಲಿನವರೆಗೆ ಬಂತು. ಕಾಕ ಕಣ್ಣು ಮುಚ್ಚಿ ಬಾಂಗಿಗೆ ಮೆಲ್ಲಗೆ ಉತ್ತರ ಹೇಳುತ್ತಿದ್ದರು. ಕೈ ಮಾತ್ರ ನಳ್ಳಿಯಿಂದ ತೆಗೆಯಲಿಲ್ಲ. ಕಾಲಿನ ಹತ್ತಿರ ಹರಳಿನ ಡಬ್ಬದಿಂದ ಕಾವು ಏಳುತ್ತಿತ್ತು. ಡಬ್ಬ ಬಿಸಿಯಾಗುತ್ತಿದೆ ಎಂದರೆ ಹರಳು ಕುಡಿಯುತ್ತಿದೆ ಎಂದೇ ಲೆಕ್ಕ. ಆ ಕಾವು ಪೈಪು ಹಿಡಿದು ನಳ್ಳಿಗೂ ಬಂತು, ಹಿಟ್ಟು ಬೇಯುವ ವಾಸನೆ ಹರಡಿತು.

"ಕಾಕಾ, ಕೈ ಸುಡ್ತದೆ, ಬಟ್ಟೆ ಕೊಡ್ಲಾ?"

"ಬಟ್ಟೆ ಇಟ್ರೆ ಹಿಟ್ಟು ಜಾರ್ತದೆ. ನೀನು ನೀರು ನೋಡು."

ನೋಡಿದೆ. ಡಬ್ಬದ ಮೈಗೆ ತಾಗಿದ ನನ್ನ ಬೆರಳಿನ ತುದಿಗೆ ಮೊದಲು ಗೊತ್ತಾಯಿತು. ಆಮೇಲೆ ಅಂಗೈಗೆ. ಆಮೇಲೆ ಮಣಿಗಂಟಿಗೆ... ಆ ಸುಡುವ ಮಧ್ಯಾಹ್ನ, ಮಂಜಿನ ಕಾಲದ ಬೆಳಗಿನ ಹೊಳೆನೀರಿನಂಥ ತಂಪು! ನಾನು ಕೂಗಿದ್ದು ಅತ್ತೆಗೆ ಅಳುವೆಂದು ಕೇಳಿಸಿ, ಅವರು ಮಗುವನ್ನು ಎತ್ತಿಕೊಂಡೇ ಓಡಿ ಬಂದರು.

ಬಾನಿಯ ನೀರಿನಲ್ಲಿ ಟವೆಲು ಅದ್ದಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಟ್ಟೆವು. ಟವೆಲು ಬೆಚ್ಚಗಾದರೆ ಪುನಃ ಬಾನಿಗೆ. ಅದೇ ನೀರು ಮತ್ತೆ ಮತ್ತೆ ತಣ್ಣಗಾಗುತ್ತಿತ್ತು. ಹೊಸ ನೀರು ಬೇಡ, ಕರೆಂಟು ಬೇಡ. ಅತ್ತೆ ಪಾತ್ರೆ ತೊಳೆದ ನೀರನ್ನು ಗೋಣಿಗೆ ಹೊಯ್ದು ಹರಳಿನ ಡಬ್ಬಕ್ಕೆ ಸುತ್ತಿದರು. ಆ ಕಡೆಯ ಬಿಸಿ ಇಳಿದಷ್ಟು ಈ ಕಡೆ ತಂಪು ಎಂದು ಕಾಕ ಹೇಳಿಕೊಟ್ಟರು. ಎಷ್ಟು ಹೊತ್ತು ಹಾಗೆ ಕುಳಿತೆವೋ. ಮಗುವಿನ ದವಡೆ ಸಡಿಲವಾಯಿತು. ಬೆರಳು ಅದುರುವುದು ನಿಂತಿತು. ಜುಮಾ ಮುಗಿಸಿ ಗಂಡಸರು ಓಣಿಯಲ್ಲಿ ಮಾತಾಡುತ್ತಾ ಬರುವ ಸದ್ದು ಕೇಳುವಾಗ ಅವನು ಒಮ್ಮೆ ಕೆಮ್ಮಿ, ಮುಖ ಕಿವುಚಿ, ಜೋರಾಗಿ ಅತ್ತ.

ಆ ಅಳುವಿನಷ್ಟು ಸಿಹಿ ನಾನು ಬೇರೆ ಕೇಳಿಲ್ಲ. ಅತ್ತೆ ಅಲ್ಲೇ ಒದ್ದೆ ನೆಲಕ್ಕೆ ಹಣೆ ಒತ್ತಿ ಸುಜೂದಿಗೆ ಬಿದ್ದರು.

ಕಾಕ ನಳ್ಳಿಯಿಂದ ಕೈ ತೆಗೆದಾಗ ಬೆಂದ ಹಿಟ್ಟಿನ ಜೊತೆ ಅಂಗೈಯ ಸಿಪ್ಪೆಯೂ ಎದ್ದು ಬಂತು. ಅವರ ಹೆಂಡತಿ ಓಡಿ ಬಂದು ಬೈದುಕೊಂಡೇ ಎಣ್ಣೆ ಹಚ್ಚಿದರು: "ಜುಮಾಕ್ಕೆ ಅಂತ ಹೊರಟದ್ದು, ಇಲ್ಲಿ ಕೂತು ರೊಟ್ಟಿ ಸುಟ್ಟದ್ದಾ?" ಬೈಯುವಾಗ ಅವರ ಕಣ್ಣಿನಲ್ಲಿ ನೀರಿತ್ತು. ಮರುದಿನದಿಂದ ಡಬ್ಬ ಕಾಯಿಸಲು ಅವರ ಬಚ್ಚಲೂ ತೆರೆದುಕೊಂಡಿತು.

ಓಣಿಯಲ್ಲಿ ಕೆಲವರು ಗೊಣಗಿದರು. ಬಾಂಗ್ ಕೇಳಿಯೂ ಜುಮಾ ಬಿಟ್ಟರು, ಆಟದ ಸಾಮಾನಿಗೋಸ್ಕರ ಎಂದು. ಉಸ್ತಾದರಿಗೆ ಸುದ್ದಿ ಹೋಗಿ, ಅವರೇ ನಮ್ಮ ಮನೆಗೆ ಬಂದು ಮಗುವಿನ ತಲೆ ಮುಟ್ಟಿ ಪ್ರಾರ್ಥಿಸಿ ಊದಿ, ಕಾಕನ ಕೈಯ ಪಟ್ಟಿಯನ್ನು ನೋಡಿ, "ಜೀವದ ವಿಷಯದಲ್ಲಿ ವಿನಾಯಿತಿ ಉಂಟು" ಎಂದಷ್ಟೇ ಹೇಳಿ ಚಾ ಕುಡಿದು ಹೋದರು. ಮಾತು ಅಲ್ಲಿಗೆ ನಿಂತಿತು. ನನ್ನ ಗಂಡ ಎರಡನೆಯ ದಿನ ಮರ ಕಡಿಸಿ ಬಂದು, ವಿಷಯ ಕೇಳಿ, ಕಾಕನ ಎದುರು ನಿಂತು, ಮತ್ತೆ ಹೋಗಿ ಜೀಪಿನ ಗಾಜು ಒರೆಸುತ್ತಾ ಕುಳಿತರು.

ಆಮೇಲೆ ಕಾಕ ನಳ್ಳಿ ಬದಲಿಸಿದರು, ಪುನಃ ಗಾಳಿ ತೆಗೆದರು. ಒಲೆಯ ಒಳಗೆ ನೂಕದೆ ಬಾಯಿಯಲ್ಲಿ ಇಡಲು ಒಂದು ಕಬ್ಬಿಣದ ಕಾಲು ಮಾಡಿದರು. ಮತ್ತೆ ಕೆಲವು ಬೇಸಗೆ ಆ ಡಬ್ಬವೇ ನಮ್ಮ ಧೈರ್ಯ. ಕರೆಂಟು ಹೋದರೆ ಈ ಕಡೆ ಮಗುವಿಗೆ ಬಾನಿ, ಆ ಕಡೆ ಅತ್ತೆ ಮಂಡಿನೋವಿಗೆ ಕಾವು. "ಮೊಮ್ಮಗನಿಗೆ ತಂಪು, ಅಜ್ಜಿಗೆ ಬಿಸಿ. ಯಾರಿಗೂ ಜಗಳ ಇಲ್ಲ," ಎಂದು ಅತ್ತೆ ನಗುತ್ತಿದ್ದರು. ಕಾಕ ಇನ್ನೂ ನಾಲ್ಕು ಕಡೆ ತೋರಿಸಿದರು. ಬಂದವರು ಮುಟ್ಟಿ ನೋಡಿ, ಅಬ್ಬ ಎಂದು, ಅಷ್ಟು ಭಾರದ್ದು ಯಾರು ಎತ್ತುದು, ಇನ್ವರ್ಟರೇ ಸುಲಭ ಎಂದು ಹೋದರು. ಕೊನೆಗೆ ನಾವೂ ಇನ್ವರ್ಟರ್ ಹಾಕಿಸಿದೆವು.

ಸಕ್ಕರೆ ಏರಿ ಕಾಕನ ಕಾಲಿನ ಗಾಯ ಮಾಯದೆ ಹೋದಾಗ ಅವರ ಮಗಳು ಅವರನ್ನು ಕುಂಬ್ರದ ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಡುವ ಮುಂಚಿನ ಸಂಜೆ ಕುಂಟುತ್ತಾ ನಮ್ಮ ಬಚ್ಚಲಿಗೆ ಬಂದರು. ನಾನು ಬೇಡವೆಂದರೂ ಕೇಳದೆ ತಾವೇ ಕುಕ್ಕರಗಾಲಿನಲ್ಲಿ ಕುಳಿತು ಸಿಪ್ಪೆ ತುಂಬಿ ಉರಿ ಹಾಕಿದರು. ಡಬ್ಬ ಕಾಯುವವರೆಗೆ ಕಾದರು. ನಳ್ಳಿ ಬಿಗಿಯಾಗಿ ಮುಚ್ಚಿದರು.

"ನೋಂಬಿನಲ್ಲಿ ಉಂಟು ಇದು," ಎಂದರು. "ಬೇಕಾದಾಗ ಬಿಡಿಸು."

ಆ ಬೇಸಗೆ ಬೇಕಾಗಲಿಲ್ಲ. ಮಳೆ ಬಂತು, ಡಬ್ಬ ಮೂಲೆಯಲ್ಲೇ ಇತ್ತು. ಮಳೆ ಜೋರಿದ್ದ ಒಂದು ಮುಂಜಾನೆ ಕುಂಬ್ರದಿಂದ ಫೋನು ಬಂತು. ಸುಬುಹಿ ನಮಾಜಿಗೆ ಎದ್ದವರು ಕೈಕಾಲು ತೊಳೆದು ವುಳು ಮಾಡಲು ಕುಳಿತಲ್ಲೇ... ನನ್ನ ಗಂಡ ಕಾಕನ ಮಯ್ಯಿತ್ತಿಗೆ ಹೆಗಲು ಕೊಡಲು ಹೋದರು. ನಾವು ಹೆಂಗಸರು ಮನೆಯಲ್ಲಿ. ಅತ್ತೆ ಬಚ್ಚಲಿನ ಬಾಗಿಲಿಗೆ ಬಂದು ಡಬ್ಬದ ಕಡೆ ನೋಡಿದರು. ಆಮೇಲೆ, "ಅದನ್ನು ಬಿಡಿಸು," ಎಂದರು.

ನಳ್ಳಿ ತಿರುಗಿಸಿದೆ. ಸದ್ದೇ ಇಲ್ಲ, ಅಷ್ಟು ಚಂದ ಮುಚ್ಚಿದ್ದರು. ಮೆಲ್ಲಗೆ ಹರಳಿನ ಡಬ್ಬ ಬೆಚ್ಚಗಾಗುತ್ತಾ ಬಂತು. ಆ ಕೊರೆಯುವ ಮಳೆಯಲ್ಲಿ ಅದರ ಮೇಲೆ ತಂಬಿಗೆ ಇಟ್ಟು ನೀರು ಬಿಸಿ ಮಾಡಿಕೊಂಡೆವು. ಅವರ ಕೈಯಿಂದಲೇ ಹಚ್ಚಿದ ಬೆಂಕಿ, ಯಾವ ತಿಂಗಳದ್ದೋ, ಹಾಗೇ ಕಾದು ಕುಳಿತಿತ್ತು. ಆ ನೀರಿನಲ್ಲಿ ವುಳು ಮಾಡಿ ಅವರಿಗೋಸ್ಕರ ನಮಾಜು ಮಾಡಿದೆವು.

ಡಬ್ಬ ಪೂರ್ತಿ ತಣ್ಣಗಾಗುವವರೆಗೆ ನಾನು ಅದರ ಹತ್ತಿರವೇ ಕುಳಿತಿದ್ದೆ. ಆಮೇಲೆ ಒಂದೆರಡು ಸಲ ನಾವೇ ಕಾಯಿಸಿ ನೋಡಿದೆವು. ಎಲ್ಲೋ ಗಾಳಿ ಹೊಕ್ಕಿರಬೇಕು, ಹಿಡಿಯಲಿಲ್ಲ. ಸರಿ ಮಾಡಲು ಗೊತ್ತಿದ್ದವರು ಇರಲಿಲ್ಲ. ಅತ್ತೆಯೂ ಹೋದರು. ಬಚ್ಚಲೊಲೆ ಒಡೆದು ಗೀಸರು ಬಂತು, ಡಬ್ಬ ಗುಜರಿಗೆ ಹೋಯಿತು...

ಮಗ ಈಗ ಪುತ್ತೂರಿನಲ್ಲಿ ಮೊಬೈಲು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಎ.ಸಿ. ಇರುವ ಅಂಗಡಿ ಎಂದೇ ಆರಿಸಿಕೊಂಡದ್ದು. ಬಾಯಿಗೆ ಹಲ್ಲಿನ ಸೆಟ್ಟು ಬಂತು, ಮದುವೆ ಮಾತೂ ನಡೆಯುತ್ತಾ ಉಂಟು. ಬೂಟು ಅದಕ್ಕೇ. ನಾನು ಪೊಟ್ಟಣವನ್ನು ಅಲ್ಲಾಡಿಸುತ್ತಾ ಕುಳಿತದ್ದು ನೋಡಿ, "ಎಂತ ಉಮ್ಮಾ ಅದು, ಬಿಸಾಡಿ," ಎಂದ. ಆ ಶುಕ್ರವಾರ ಅವನಿಗೆ ನೆನಪಿರಲು ಸಾಧ್ಯವಿಲ್ಲ. ಕಾಕನ ಮುಖವೂ ಈಗ ಅವನಿಗೆ ಮಸುಕು.

ಹೊರಗಿನ ಬಿಸಿಲಿನಿಂದ ಬಂದಿದ್ದ. ವಾಡಿಕೆಯಂತೆ ಅವನ ಹಣೆಗೆ ಅಂಗೈ ಇಟ್ಟೆ. ಒಣಗಿತ್ತು, ಯಾವತ್ತೂ ಹಾಗೇ. ತಂಪಾಗಿತ್ತು. ಅಲ್ಹಮ್ದುಲಿಲ್ಲಾಹ್ ಎಂದೆ. ಹೀಗೆ ಹೇಳುವಾಗಲೆಲ್ಲ ನನ್ನ ಕೈಯ ಕೆಳಗೆ ಅವನ ಹಣೆ ಇರುತ್ತದೆ. ಮೂಗಿಗೆ ಮಾತ್ರ ಸುಟ್ಟ ಮೈದಾ ಹಿಟ್ಟಿನ ವಾಸನೆ ಬರುತ್ತದೆ.